ನಿಂತ ಶೆಡ್ಡಿಗೆ ಎರಡನೇ ಪಾಳಿ

ಮುಧೋಳ ತಾಲೂಕಿನ ರನ್ನನಗರದ ಸಹಕಾರಿ ಸಕ್ಕರೆ ಕಾರ್ಖಾನೆ ಬಂದ್ ಬಿದ್ದಿದ್ದ ಕಾಲದಲ್ಲಿ, ಆ ಕಟ್ಟಡವನ್ನು ಬೇರೆ ಯಾವುದಕ್ಕಾದರೂ ಬಳಸೋಣ ಎಂದು ನಮ್ಮ ಕಡೆ ಒಬ್ಬರೂ ಅಂದದ್ದನ್ನು ನಾನು ಕೇಳಲಿಲ್ಲ. ಕಬ್ಬು ಬೆಳೆದವರೂ ಅಲ್ಲಿ ದುಡಿದವರೂ ಕೇಳಿದ್ದು ಒಂದೇ: ಚಾಲೂ ಮಾಡ್ರಿ. ಮುಂಬೈಯಲ್ಲೋ ಲಂಡನ್ನಿನಲ್ಲೋ ಆಗಿದ್ದರೆ ಅಷ್ಟರಲ್ಲಿ ಒಬ್ಬ ವಾಸ್ತುಶಿಲ್ಪಿ ಬಂದು, ಬಾಯ್ಲರ್ ಮನೆಯ ಎತ್ತರ ಅಳೆದು, ಹೋಟೆಲ್ಲಿನದೋ ಮಾಲಿನದೋ ನಕ್ಷೆ ಬರೆದುಬಿಟ್ಟಿರುತ್ತಿದ್ದ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಜನ ನಿಂತ ಕಾರ್ಖಾನೆಯನ್ನು ಸತ್ತದ್ದೆಂದು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಹಳೆಯ ಕೈಗಾರಿಕಾ ಕಟ್ಟಡಕ್ಕೆ ಹೊಸ ಜೀವ ತುಂಬುತ್ತೇವೆ ಎಂದು ಹೊರಟವರು ಇಲ್ಲಿ ಮೊದಲು ಉತ್ತರಿಸಬೇಕಾದ್ದು ಬೇರೆಯೇ ಪ್ರಶ್ನೆ: ಅದರ ಜೀವ ಹೋಗಿದೆಯೆಂದು ಸಾರಿದವರು ಯಾರು?

ಈ ಯೋಚನೆ ನನಗೆ ಹಚ್ಚಿದವನು ಅಕ್ಕನ ಮಗ. ಬನಹಟ್ಟಿಯಲ್ಲಿ ಅವರದೊಂದು ಪವರ್‌ಲೂಮ್ ಶೆಡ್ಡಿದೆ. ಕಲ್ಲಿನ ಗೋಡೆ, ಮೇಲೆ ಪತ್ರಾಸು, ಎಣ್ಣೆ ಕುಡಿದು ಕಪ್ಪಾದ ನೆಲ, ಮಗ್ಗ ಕೂಡಿಸಿದ್ದ ಬೋಲ್ಟುಗಳ ತೂತು, ಜಂತಿಗಳ ಸಂದಿಯಲ್ಲಿ ಇನ್ನೂ ಜೋತಾಡುವ ಹತ್ತಿಯ ಎಳೆ. 2020ರ ಲಾಕ್‌ಡೌನಿನಲ್ಲಿ ನೇದ ಸೀರೆಗಳು ಮನೆಯಲ್ಲೇ ಅಟ್ಟಿ ಬಿದ್ದವು. ಅದಕ್ಕೆ ಮೊದಲು, 2019ರ ಆಗಸ್ಟಿನಲ್ಲಿ, ಕೃಷ್ಣಾ-ಘಟಪ್ರಭಾ ಎರಡೂ ಉಕ್ಕಿ ಈ ತಾಲೂಕುಗಳನ್ನು ಮುಳುಗಿಸಿದ್ದವು. ಒಂದರ ಹಿಂದೊಂದು ಪೆಟ್ಟು ಬಿದ್ದ ಮೇಲೆ ಭಾವ ಮಗ್ಗಗಳನ್ನು ಒಂದೊಂದಾಗಿ ಗುಜರಿಯವರಿಗೆ ಕೊಟ್ಟರು. ಮಗ್ಗವನ್ನು ಕಿಲೋ ಲೆಕ್ಕದಲ್ಲಿ ತೂಗುತ್ತಾರೆ ಎಂಬುದು ನೇಕಾರನಲ್ಲದವನಿಗೆ ವಿಶೇಷವಾಗಿ ಕಾಣಲಿಕ್ಕಿಲ್ಲ. ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿರುವ ಮಗ ದೀಪಾವಳಿಗೆ ಬಂದವನು ಆ ಖಾಲಿ ಶೆಡ್ಡಿನ ನಡುವೆ ನಿಂತು ಹೇಳಿದ: "ಮಾಮಾ, ಇದರ ಎತ್ತರ ನೋಡ್ರಿ. ಬ್ರೂವರಿ ಟ್ಯಾಂಕ್ ಕುಂದ್ರಿಸಾಕ ಹೇಳಿ ಕಟ್ಟಿಸಿದಂಗೈತಿ." ಆಮೇಲೆ ಮೊಬೈಲಿನಲ್ಲಿ ಚಿತ್ರ ತೋರಿಸಿದ. ಇಟ್ಟಿಗೆ ಗೋಡೆ, ಕಬ್ಬಿಣದ ಕಂಬ, ಗಾಜಿನಾಚೆ ಹೊಳೆಯುವ ತಾಮ್ರದ ಹಂಡೆಗಳು, ಈಚೆ ಗ್ಲಾಸು ಹಿಡಿದ ಮಂದಿ.

ಹುಡುಗ ಗಾಳಿಗೋಪುರ ಕಟ್ಟುತ್ತಿರಲಿಲ್ಲ. 1982ರ ಜನವರಿ 18ರಂದು ಶುರುವಾದ ಮುಂಬೈಯ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದಿದ್ದರು. ಬಹಳಷ್ಟು ಜನ ಮತ್ತೆ ಒಳಗೆ ಹೋಗಲೇ ಇಲ್ಲ. ಅದೇ ಗಿರಣಿಗಳ ಊರಾದ ಲೋವರ್ ಪರೇಲಿನ ಮಥುರಾದಾಸ್ ಮಿಲ್ ಆವರಣದಲ್ಲಿ 2013ರಲ್ಲಿ ಮುಂಬೈಯ ಮೊದಲ ಬ್ರೂಪಬ್ ಬಾಗಿಲು ತೆರೆಯಿತು, ಹೆಸರು ಬಾರ್ಕಿಂಗ್ ಡೀರ್. ಬೆಂಗಳೂರಿನ ಟಾಯ್ಟ್ ಎಂಬ ಬ್ರೂಪಬ್ ಮುಂಬೈಗೆ ಹೋದಾಗ ನೆಲೆ ಹುಡುಕಿಕೊಂಡದ್ದೂ ಅದೇ ಆವರಣದಲ್ಲಿ. ಗಿರಣಿಯ ಕಟ್ಟಡ ಬಿಯರಿಗೆ ಒಗ್ಗುವುದಕ್ಕೆ ಕಾರಣಗಳಿವೆ. ಸೂರು ಎತ್ತರ, ಟನ್ನುಗಟ್ಟಲೆ ಭಾರ ಹೊರುವ ನೆಲ, ನಡುವೆ ಅಡ್ಡಗೋಡೆಯಿಲ್ಲ, ನೀರು ಬರುವ ದಾರಿಯೂ ಹೋಗುವ ದಾರಿಯೂ ಮೊದಲೇ ಉಂಟು. ಡಬ್ಲಿನ್ನಿನಲ್ಲಿ ಗಿನ್ನೆಸ್ ಕಂಪನಿ ತನ್ನದೇ ಹಳೆಯ ಹುದುಗಿಸುವ ಕಟ್ಟಡವನ್ನು 1988ರಲ್ಲಿ ಮುಚ್ಚಿ, 2000ದಲ್ಲಿ ಪ್ರವಾಸಿಗರಿಗೆ ತೆರೆಯಿತು. ಲಂಡನ್ನಿನ ಬರ್ಮಂಡ್ಸಿಯಲ್ಲಿ ರೈಲು ಹಳಿಯ ಕೆಳಗಿನ ಕಮಾನುಗಳಲ್ಲಿ ಸಾಲಾಗಿ ಬ್ರೂವರಿಗಳು ಕೂತಿವೆ.

ಆದರೆ ಅದೇ ಲೋವರ್ ಪರೇಲಿನ ಕಮಲಾ ಮಿಲ್ಸ್ ಆವರಣದಲ್ಲಿ 2017ರ ಡಿಸೆಂಬರ್ 29ರ ನಡುರಾತ್ರಿ ತಾರಸಿ ಪಬ್ಬುಗಳಿಗೆ ಬೆಂಕಿ ಬಿದ್ದು 14 ಜನ ಸತ್ತದ್ದನ್ನೂ ಮರೆಯುವಂತಿಲ್ಲ. ಕಟ್ಟಡದ ಕಸುಬು ಬದಲಾಯಿತು, ಬಾಡಿಗೆ ಬದಲಾಯಿತು. ಜನ ತಪ್ಪಿಸಿಕೊಂಡು ಹೊರಬರುವ ದಾರಿ ಮಾತ್ರ ಆ ವೇಗದಲ್ಲಿ ಬದಲಾಗಲಿಲ್ಲ.

ಬೆಂಗಳೂರಿನ ದಾರಿಯೇ ಬೇರೆ. ಅಲ್ಲಿ ಇದ್ದದ್ದನ್ನು ಉಳಿಸಿ ಬಳಸುವ ತಾಳ್ಮೆ ಕಡಿಮೆ. 1915ರಲ್ಲಿ ಹುಟ್ಟಿದ ಯುನೈಟೆಡ್ ಬ್ರೂವರೀಸಿನ ಹಳೆಯ ಬಿಯರ್ ಕಾರ್ಖಾನೆ ಊರಿನ ನಡುವೆಯೇ ಇತ್ತು. ಅದು ಹೋಗಿ ಯುಬಿ ಸಿಟಿ ಬಂತು. ಮಲ್ಲೇಶ್ವರದ ರಾಜಾ ಮಿಲ್ ಹೋಗಿ ಮಂತ್ರಿ ಮಾಲ್ ಬಂತು. ಬಿಯರ್ ಮಾಡುತ್ತಿದ್ದ ಜಾಗದಲ್ಲಿ ಕೈಚೀಲದ ಅಂಗಡಿ, ಬಟ್ಟೆ ನೇಯುತ್ತಿದ್ದ ಜಾಗದಲ್ಲಿ ಬಟ್ಟೆಯ ಅಂಗಡಿ. 2010ರ ನಂತರ ಅಲ್ಲಿ ಮೈಕ್ರೋಬ್ರೂವರಿಗಳು ಶುರುವಾದಾಗ ಹಳೆಯ ಕಾರ್ಖಾನೆ ಸಿಗದವರು ಹೊಸ ಗೋಡೆಗೆ ಗಿಲಾವು ಹಾಕದೆ, ಪೈಪುಗಳನ್ನು ಮುಚ್ಚದೆ, ಕಾರ್ಖಾನೆಯ ವೇಷ ಕಟ್ಟಿದರು. ಅಕ್ಕನ ಮಗ ತೋರಿಸಿದ ಚಿತ್ರಗಳಲ್ಲಿ ಎಷ್ಟು ಗೋಡೆಗಳಿಗೆ ನಿಜವಾಗಿ ವಯಸ್ಸಾಗಿತ್ತೋ ದೇವರೇ ಬಲ್ಲ. ನಮ್ಮ ಶೆಡ್ಡಿಗೆ ಆ ವೇಷ ಬೇಕಿಲ್ಲ ಎಂಬುದು ಅವನ ಹೆಮ್ಮೆ. ಅದು ನ್ಯಾಯವಾದ ಹೆಮ್ಮೆಯೇ.

ನಾನು ಒಂದಿಷ್ಟು ದಿನ ಅವನ ಪಕ್ಷವೇ ಆಗಿದ್ದೆ. ಯಾಕೆಂದರೆ ಬ್ರೂವರಿ ಮಾಲಿನ ಹಾಗಲ್ಲ, ಮ್ಯೂಸಿಯಮ್ಮಿನ ಹಾಗೂ ಅಲ್ಲ. ಅದು ಮಾಡುವ ಜಾಗ. ಧಾನ್ಯ ಮೊಳೆಯಿಸಿ ಒಣಗಿಸಿದ ಮಾಲ್ಟನ್ನು ನುಚ್ಚು ಮಾಡಿ, ಹದವಾದ ಬಿಸಿನೀರಿನಲ್ಲಿ ನೆನೆಹಾಕಿ, ಸಿಹಿ ನೀರು ಬಸಿದು, ಹಾಪ್ಸ್ ಹೂ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ ವಾರಗಟ್ಟಲೆ ಕಾಯಬೇಕು. ಅಲ್ಲಿ ಶಾಖವಿದೆ, ಹಬೆಯಿದೆ, ಒದ್ದೆ ನೆಲವಿದೆ, ಹೊತ್ತು ತಪ್ಪಿದರೆ ಕೆಡುವ ಸರಕಿದೆ. ಅಪಾರ್ಟ್‌ಮೆಂಟು ಬಂದರೆ ಕಾರ್ಖಾನೆ ಸಾಯುತ್ತದೆ, ಬ್ರೂವರಿ ಬಂದರೆ ಕಾರ್ಖಾನೆ ಮತ್ತೊಂದು ಕಾರ್ಖಾನೆಯಾಗುತ್ತದೆ ಅಂದುಕೊಂಡೆ. ಚಾಲೂ ಮಾಡ್ರಿ ಎಂಬ ಕೂಗಿಗೆ ಇದೂ ಒಂದು ಉತ್ತರ ಅನ್ನಿಸಿತು.

ಆಮೇಲೆ ಕೈಗಳನ್ನು ಎಣಿಸತೊಡಗಿದೆ. ಸಣ್ಣ ಬ್ರೂವರಿಯೊಂದನ್ನು ನಡೆಸಲು ಬಲ್ಲವನೊಬ್ಬ, ಅವನ ಕೈಕೆಳಗೆ ಇಬ್ಬರು ಮೂವರು ಸಾಕು. ಬನಹಟ್ಟಿಯ ಶೆಡ್ಡು ಎಂದರೆ ಮಗ್ಗದ ಮುಂದೆ ನಿಂತವರಷ್ಟೇ ಅಲ್ಲ. ಲಾಳಿಗೆ ಹಾಕುವ ನೂಲಿನ ಕಂಡಿಕಿ ಸುತ್ತುವ ಹೆಂಗಸರಿದ್ದರು, ಬೀಮು ತುಂಬುವವರಿದ್ದರು, ಮಗ್ಗ ಕೆಟ್ಟರೆ ಓಡಿಬರುವ ಜಾಬರ್ ಇದ್ದ, ನೂಲಿನ ಗಂಟು ಹೊರುವ ಹಮಾಲನಿದ್ದ, ಶೆಡ್ಡಿನ ಬಾಗಿಲಿಗೆ ಚಹಾ ತರುವ ಹುಡುಗನಿದ್ದ. ಹೊಸ ಕಟ್ಟಡದಲ್ಲಿ ಇವರ ಪಾಲಿಗೆ ಉಳಿಯುವುದು ಬಡಿಸುವ, ತೊಳೆಯುವ, ಗೇಟು ಕಾಯುವ ಕೆಲಸ. ಗಾಜಿನಾಚೆಯ ತಾಮ್ರದ ಹಂಡೆ ಗಿರಾಕಿಗೆ ತೋರಿಸುವುದು ದುಡಿಮೆಯ ಸೊಬಗನ್ನು. ದುಡಿಯುವವರ ಸಂಖ್ಯೆಯನ್ನಲ್ಲ. ಖಟಖಟ ಸದ್ದಿನಲ್ಲಿ ನೇಕಾರ ನಿಂತಿದ್ದಾಗ ಯಾರೂ ಟಿಕೆಟು ತೆಗೆದುಕೊಂಡು ನೋಡಲು ಬಂದಿರಲಿಲ್ಲ. ನೇಕಾರರ ಓಣಿಯಲ್ಲಿ ಜನ ಇವತ್ತಿಗೂ ಮಾತನಾಡುವುದು ಒಂದು ದನಿ ಎತ್ತರಿಸಿಯೇ. ಆ ಸದ್ದಿಗೆ ಅಷ್ಟು ಹೊಂದಿಕೊಂಡವರನ್ನು ಹೊರಗೆ ಕಳಿಸಿ, ಅದೇ ಗೋಡೆಗಳ ನಡುವೆ ಹಿತವಾದ ಸಂಗೀತ ಹಾಕಿ ಕೂರುವುದರಲ್ಲಿ ನನಗೇನೋ ಒಂದು ಇರಿಸುಮುರಿಸು.

ಇದು ಮದ್ಯದ ಬಗೆಗಿನ ಇರಿಸುಮುರಿಸಲ್ಲ. ಮದ್ಯ ಈ ಸೀಮೆಗೆ ಹೊರಗಿನಿಂದ ಬರಬೇಕಾದ ಸರಕೇ ಅಲ್ಲ. ಕಬ್ಬಿನ ಸೀಮೆಯಿದು. ಕಾಕಂಬಿ ಎಲ್ಲಿದೆಯೋ ಅಲ್ಲಿ ಸ್ಪಿರಿಟ್ಟೂ ಇರುತ್ತದೆ. ಸಮೀರವಾಡಿಯಂಥ ಕಾರ್ಖಾನೆಗಳಲ್ಲಿ ಸಕ್ಕರೆಯ ಜೊತೆಗೇ ಡಿಸ್ಟಿಲರಿ ನಡೆಯುತ್ತದೆ. ಈಗ ಅದರ ಬಹುಪಾಲು ಎಥೆನಾಲ್ ಆಗಿ ಪೆಟ್ರೋಲಿನಲ್ಲಿ ಬೆರೆತು ಓಡುತ್ತಿದೆ. 2023ರಲ್ಲಿ ರಾಜ್ಯದ ಅಬಕಾರಿ ಖಾತೆ ವಹಿಸಿಕೊಂಡವರು ಮುಧೋಳದ ಶಾಸಕರೇ. 2025-26ರ ಬಜೆಟ್ಟಿನಲ್ಲಿ ಆ ಖಾತೆಗೆ ಕೊಟ್ಟ ಆದಾಯದ ಗುರಿ 40,000 ಕೋಟಿ ರೂಪಾಯಿ. ಅಷ್ಟು ದುಡ್ಡು ಹೊಳೆಯುವ ಹಂಡೆಯ ಪಕ್ಕ ಕೂತು ಕುಡಿಯುವವರಿಂದ ಬರುವುದಿಲ್ಲ. 2007ರ ಜುಲೈ 1ಕ್ಕೆ ಸಾರಾಯಿ ಬಂದ್ ಆದ ಮೇಲೆ ಬಡವನ ಕೈಗೆ ಬಂದದ್ದು ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕು. ಸಂಜೆ ಮಜೂರಿ ಹಿಡಿದು ಹೋಗುವ ನೇಕಾರ ಬೇಲಿಯ ಮರೆಯಲ್ಲಿ ನಿಂತು ಅದನ್ನು ಹರಿದು, ಕುಡಿದು, ಎಸೆದು ನಡೆಯುತ್ತಾನೆ. ಅದರಲ್ಲಿ ಕೂರುವುದೂ ಇಲ್ಲ, ಮಾತೂ ಇಲ್ಲ. ಹಾಗಾಗಿ ಶೆಡ್ಡು ಬ್ರೂವರಿಯಾದರೆ ನೇಕಾರ ಇನ್ನಷ್ಟು ಕುಡಿದು ಹಾಳಾಗುತ್ತಾನೆ ಎಂಬ ಹೆದರಿಕೆ ನನಗಿಲ್ಲ. ಅವನಿಗೆ ಅಲ್ಲಿಯ ಒಂದು ಗ್ಲಾಸು ಕೊಳ್ಳಲಾಗುವುದಿಲ್ಲ. ಅಲ್ಲಿಗೆ ಬರುವವರು ಕಬ್ಬಿನ ಬಿಲ್ಲು ಎತ್ತಿದ ದೊಡ್ಡ ರೈತರು, ಗುತ್ತಿಗೆದಾರರು, ಹಬ್ಬಕ್ಕೆ ಬೆಂಗಳೂರು-ಪುಣೆಯಿಂದ ಬಂದ ಹುಡುಗರು. ನೇಕಾರನ ಶೆಡ್ಡಿನಲ್ಲಿ ನೇಕಾರನೊಬ್ಬನಿಗೇ ಕುರ್ಚಿ ಇರುವುದಿಲ್ಲ.

ಅಕ್ಕ ಇಷ್ಟು ದೂರ ಸುತ್ತಿ ಬರಲಿಲ್ಲ. ಮಗ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ನಕ್ಷೆ ವಿವರಿಸುತ್ತಿದ್ದ. ಇಲ್ಲಿ ಟ್ಯಾಂಕು, ಇಲ್ಲಿ ಟೇಬಲ್ಲು, ಇಲ್ಲಿ ಮೆಟ್ಟಿಲು. ಅಕ್ಕ ರೊಟ್ಟಿ ಬಡಿಯುವುದು ನಿಲ್ಲಿಸದೆ ಕೇಳಿದಳು: "ಕಂಡಿಕಿ ಸುತ್ತತಿದ್ದೆವಲ್ಲ, ಆ ಮೂಲ್ಯಾಗ ಏನ್ ಮಾಡತಿ?" ಅವನು ಅಲ್ಲಿ ಕೌಂಟರ್ ಅಂದ. "ಹಂಗಾದರ ಅಲ್ಲಿ ನಾ ಬಂದ್ ಕುಂದ್ರಾಕ ಆಕ್ಕೈತೇನು?" ಅವನು ನಕ್ಕ, ಬರಬಹುದವ್ವಾ, ಬೆಂಗಳೂರಾಗ ಎಲ್ಲಾರೂ ಬರ್ತಾರ ಅಂದ. ಅಕ್ಕ ನಗಲಿಲ್ಲ. "ಬೆಂಗಳೂರ ಬ್ಯಾಡ. ಬನಹಟ್ಟ್ಯಾಗ?"

ಅವನ ಉತ್ತರಕ್ಕಿಂತ ಅವನು ಉತ್ತರಿಸಲು ತೆಗೆದುಕೊಂಡ ಹೊತ್ತು ನನಗೆ ಹೆಚ್ಚು ಹೇಳಿತು. ಬೆಂಗಳೂರಿನ ಬ್ರೂವರಿಗಳಲ್ಲಿ ಹೆಣ್ಣುಮಕ್ಕಳು ಗಂಡಸರಷ್ಟೇ ಸಲೀಸಾಗಿ ಕೂರುತ್ತಾರೆ, ಅದು ಆ ಊರು ಗಳಿಸಿಕೊಂಡ ಒಳ್ಳೆಯ ಸ್ವಾತಂತ್ರ್ಯವೇ. ನಮ್ಮಲ್ಲಿ ಹೆದ್ದಾರಿಯ ಬಾರುಗಳ ಹೊರಗೆ ಬರೆದಿರುವ ಫ್ಯಾಮಿಲಿ ರೂಮಿನಲ್ಲಿ ಸಂಸಾರ ಕೂತದ್ದನ್ನು ಕಂಡವರು ಕಡಿಮೆ. ಈಗ ಶೆಡ್ಡನ್ನು ಈ ಕಣ್ಣಿನಿಂದ ನೋಡಿ. ಮಗ್ಗ ನಡೆಯುತ್ತಿದ್ದಾಗ ಅದು ಹೆಂಗಸರು ದಿನವಿಡೀ ಕೂತು ದುಡಿಯುತ್ತಿದ್ದ ಜಾಗ. ಮಜೂರಿ ಕಡಿಮೆ ಇತ್ತು, ಕೆಮ್ಮು ಬರುತ್ತಿತ್ತು, ಅಲ್ಲಿ ಸುಖವಿತ್ತೆಂದು ಯಾರೂ ಹೇಳಬೇಕಿಲ್ಲ. ಆದರೂ ಒಳಗೆ ಬರಲು ಅಕ್ಕ ಯಾರ ಅಪ್ಪಣೆಯನ್ನೂ ಕೇಳುತ್ತಿರಲಿಲ್ಲ. ಇಂಥ ಕಟ್ಟಡ ಬಾರಾದ ದಿನ ಊರಿನ ಅರ್ಧ ಜನರಿಗೆ ಒಂದು ಬಾಗಿಲು ಮುಚ್ಚುತ್ತದೆ. ಉಳಿದ ಅರ್ಧದಲ್ಲಿ ದುಡ್ಡಿಲ್ಲದವರಿಗೆ ಇನ್ನೊಂದು. ಗೋಡೆ, ಕಂಬ, ಸೂರು ಎಲ್ಲ ಉಳಿದವು ಅನ್ನುವಾಗ ಈ ಲೆಕ್ಕವನ್ನು ಯಾವ ನಕ್ಷೆಯೂ ಬರೆಯುವುದಿಲ್ಲ.

ಇಲ್ಲಿ ನೀತಿಯ ಕಡೆ ಜಾರಿಬಿಡುವುದು ಸುಲಭ. ಲಿಂಗಾಯತರು, ನೇಕಾರರು, ಮಠಗಳು ತುಂಬಿದ ಸೀಮೆಯಲ್ಲಿ ಬ್ರೂವರಿ ಎಂದರೆ ಮುಖ ಸಿಂಡರಿಸಿ ಎದ್ದುಹೋಗುವವರು ಬೇಕಾದಷ್ಟು. ಆದರೆ ಹನ್ನೆರಡನೇ ಶತಮಾನದ ಶರಣರ ನಡುವೆ ಹೆಂಡದ ಮಾರಯ್ಯ ಎಂಬ ವಚನಕಾರನಿದ್ದ. ಅವನ ಕಾಯಕ ಹೆಸರಲ್ಲೇ ಇದೆ. ನೇಯ್ಗೆಯ ಜೇಡರ ದಾಸಿಮಯ್ಯನೂ ಹೆಂಡದ ಮಾರಯ್ಯನೂ ಒಂದೇ ವಚನ ಪರಂಪರೆಯಲ್ಲಿ ಕೂತಿದ್ದಾರೆ. ಒಬ್ಬನ ಕಸುಬು ಶುದ್ಧ, ಇನ್ನೊಬ್ಬನದು ಅಶುದ್ಧ ಎಂದು ಪಂಕ್ತಿ ಬೇರೆ ಮಾಡಿ ಕೂಡಿಸಿಲ್ಲ. ಮಾರಯ್ಯ ಹೆಂಡದ ಮಡಕೆ, ಅಮಲು, ಮಾರಾಟ ಎಲ್ಲವನ್ನೂ ತನ್ನ ಮಾತಿನ ಸರಕು ಮಾಡಿಕೊಂಡ. ಹಾಗಿರುವಾಗ ನನಗೆ ಉಳಿಯುವ ಪ್ರಶ್ನೆ ಏನನ್ನು ಮಾರುತ್ತೀರಿ ಎಂಬುದಲ್ಲ. ಈ ಕೆಲಸ ಯಾರನ್ನು ಒಳಗೆ ಕರೆದುಕೊಳ್ಳುತ್ತದೆ ಎಂಬುದು. ಮದ್ಯ ಕೆಟ್ಟದ್ದೆಂದು ಬಾಗಿಲು ಹಾಕಿಕೊಂಡರೆ ಆ ಪ್ರಶ್ನೆಯಿಂದಲೇ ತಪ್ಪಿಸಿಕೊಂಡಂತೆ.

ಹುಡುಗನಿಗೆ ನಾನು ಜೋಳದ ಮಾತು ತೆಗೆದೆ. ಬಾರ್ಲಿಯನ್ನು ಉತ್ತರದಿಂದ, ಹಾಪ್ಸನ್ನು ವಿದೇಶದಿಂದ ತರಿಸಿ, ಹೆಸರನ್ನೂ ಇಂಗ್ಲಿಷಿನಲ್ಲಿಟ್ಟು ಮಾರುವುದಾದರೆ ಅದು ಬೆಂಗಳೂರಿನ ಇಂದಿರಾನಗರದಲ್ಲೇ ಇರಲಿ. ಈ ಸೀಮೆಯದು ಬಿಳಿಜೋಳ. ಜೋಳದಿಂದ ಬಿಯರ್ ಆಗುತ್ತದೆಯೇ ಎಂದರೆ ಆಫ್ರಿಕದವರು ನಗುತ್ತಾರೆ. 1988ರಲ್ಲಿ ನೈಜೀರಿಯ ಬಾರ್ಲಿ ಮಾಲ್ಟಿನ ಆಮದನ್ನು ನಿಲ್ಲಿಸಿದಾಗ ಅಲ್ಲಿಯ ದೊಡ್ಡ ಬ್ರೂವರಿಗಳೇ ಜೋಳಕ್ಕೆ ತಿರುಗಬೇಕಾಯಿತು. ಉಗಾಂಡದಲ್ಲಿ 2002ರಲ್ಲಿ ಬಂದ ಈಗಲ್ ಎಂಬ ಬಿಯರಿಗೆ ಜೋಳವನ್ನು ಅಲ್ಲಿನ ಸಣ್ಣ ರೈತರೇ ಬೆಳೆದುಕೊಟ್ಟರು. ಕಷ್ಟ ಇಲ್ಲವೆಂದಲ್ಲ. ಬಾರ್ಲಿಯ ಪಿಷ್ಟ ಅರವತ್ತು ಡಿಗ್ರಿಯ ಆಸುಪಾಸಿನಲ್ಲಿ ಬಿಡಿಸಿಕೊಂಡರೆ ಜೋಳದ್ದಕ್ಕೆ ಎಪ್ಪತ್ತರ ಆಚೆಈಚೆ ಶಾಖ ಬೇಕು. ಅಷ್ಟು ಶಾಖದಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳು ಸಾಯುತ್ತವೆ. ಮೇಲಾಗಿ ಮೊಳಕೆ ಜೋಳದಲ್ಲಿ ಅಂಥ ಕಿಣ್ವ ಇರುವುದೇ ಕಡಿಮೆ. ಹಾಗಾಗಿ ಜೋಳವನ್ನು ಬೇರೆಯಾಗಿ ಬೇಯಿಸಿ, ಆರಿಸಿ, ಆಮೇಲೆ ಕೂಡಿಸಬೇಕು. ಕೆಲಸ ಹೆಚ್ಚು, ಕೈ ಹೆಚ್ಚು. ನನ್ನ ಮಟ್ಟಿಗೆ ಅದೇ ಅದರ ಗುಣ. ಜೋಳ ನೆನೆಸುವುದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳೆಯಿಸುವುದು, ನೆರಳಲ್ಲಿ ಒಣಗಿಸುವುದು, ಹುರಿಯುವುದು ಇವು ಅಕ್ಕನಂಥವರಿಗೆ ಯಾರೂ ಕಲಿಸಬೇಕಾಗಿಲ್ಲ. ಕೂಸುಗಳ ಗಂಜಿಯ ಹಿಟ್ಟಿಗೆ ಮಾಡಿದ ಕೆಲಸವೇ. ಕಂಡಿಕಿಯ ಮೂಲೆ ಕೌಂಟರ್ ಆಗುವ ಬದಲು ಮಾಲ್ಟಿನ ಮೂಲೆಯಾದರೆ ಹೆಂಗಸರಿಗೆ ಅಲ್ಲಿ ಮತ್ತೆ ಮಜೂರಿ ಹುಟ್ಟುತ್ತದೆ.

ನೀರಿನ ಮಾತೂ ಬಂತು. ತೊಳೆಯುವುದೂ ಸೇರಿ ಒಂದು ಲೀಟರ್ ಬಿಯರಿಗೆ ನಾಲ್ಕಾರು ಲೀಟರ್ ನೀರು ಬೇಕು, ಸಣ್ಣ ಘಟಕಗಳಲ್ಲಿ ಇನ್ನೂ ಹೆಚ್ಚು. ಈ ನಾಲ್ಕು ತಾಲೂಕುಗಳಲ್ಲಿ ನೀರು ಸುಮ್ಮನೆ ಬಂದದ್ದಲ್ಲ. ಸರ್ಕಾರ ಕಟ್ಟಲಿಲ್ಲವೆಂದು ಜಮಖಂಡಿ ಸೀಮೆಯ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ದುಡ್ಡು ಹಾಕಿ, ಬೆವರು ಸುರಿಸಿ 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಬೀಳಗಿ ತಾಲೂಕಿನವರು ಅದೇ ನದಿಗೆ ಊರುಗಳನ್ನೇ ಬಿಟ್ಟುಕೊಟ್ಟರು, ಆಲಮಟ್ಟಿಯ ಹಿನ್ನೀರಿನ ಕೆಳಗೆ ಅವರ ಮನೆ, ಹೊಲ, ಗುಡಿಗಳಿವೆ. ಒಬ್ಬರು ನೀರಿಗಾಗಿ ಕೊಟ್ಟರು, ಇನ್ನೊಬ್ಬರು ನೀರಿಗೆ ಕೊಟ್ಟರು. ಶೆಡ್ಡಿನೊಳಗೆ ನಲ್ಲಿ ತಿರುಗಿಸುವವನಿಗೆ ಇದು ತಿಳಿದಿರಬೇಕು ಎಂದು ನಾನು ಬಯಸುವುದು ಅತಿಯಾಯಿತೇನೋ. ಹುಡುಗ ಹೇಳಿದ್ದರಲ್ಲಿ ನನಗೆ ಹಿಡಿಸಿದ್ದು ಮತ್ತೊಂದು ಸಂಗತಿ: ಬಸಿದು ಉಳಿದ ಕಾಳು ದನಗಳಿಗೆ ಒಳ್ಳೆಯ ಮೇವು, ಆದರೆ ಬೇಗ ಹುಳಿಯುತ್ತದೆ, ಆವತ್ತೇ ಒಯ್ಯಬೇಕು. ಬೆಂಗಳೂರಿನ ಪಬ್ಬಿಗೆ ಅದೊಂದು ತಲೆನೋವು. ಎಮ್ಮೆ ಕಟ್ಟಿದ ಓಣಿಯಲ್ಲಿ ಅದಕ್ಕೆ ಬೆಳಗ್ಗೆಯೇ ಬುಟ್ಟಿ ಹಿಡಿದು ಜನ ನಿಲ್ಲುತ್ತಾರೆ.

ಅವನಿಗೆ ಗೊತ್ತಿರದೇ ಇದ್ದದ್ದು, ಅಥವಾ ಗೊತ್ತಿದ್ದೂ ಲೆಕ್ಕಕ್ಕೆ ಹಿಡಿಯದೇ ಇದ್ದದ್ದು, ನಮ್ಮ ಊರುಗಳು ನಿಂತ ಶೆಡ್ಡುಗಳನ್ನು ತಮ್ಮದೇ ರೀತಿಯಲ್ಲಿ ಬಳಸಿಕೊಳ್ಳುತ್ತಲೇ ಬಂದಿವೆ ಎಂಬುದು. ಒಂದು ಅರಿಷಿಣದ ಗೋದಾಮಾಗುತ್ತದೆ. ಇನ್ನೊಂದು ಟ್ಯೂಷನ್ ಕ್ಲಾಸು. ಸೂರು ಚೆನ್ನಾಗಿದ್ದರೆ ಮಂಗಲ ಕಾರ್ಯಾಲಯ. ಮಂಗಲ ಕಾರ್ಯಾಲಯದ ಚಿತ್ರವನ್ನು ಯಾರೂ ಪತ್ರಿಕೆಯಲ್ಲಿ ಹಾಕುವುದಿಲ್ಲ. ಗೋಡೆಗೆ ಗುಲಾಬಿ ಬಣ್ಣ ಬಳಿದು, ಪ್ಲಾಸ್ಟಿಕ್ ಹೂ ಕಟ್ಟಿ ಹಳೆಯದನ್ನೆಲ್ಲ ಮುಚ್ಚಿಬಿಟ್ಟಿರುತ್ತಾರೆ. ನೋಡಲು ಚೆಂದವಲ್ಲ, ಒಪ್ಪುತ್ತೇನೆ. ಆದರೆ ಅಲ್ಲಿ ಮಗ್ಗ ನಡೆಸಿದವನ ಮಗಳ ಮದುವೆಯಾಗುತ್ತದೆ, ಕಂಡಿಕಿ ಸುತ್ತಿದವಳು ಮೊದಲ ಪಂಕ್ತಿಯಲ್ಲಿ ಕೂತು ಉಣ್ಣುತ್ತಾಳೆ. ಇಟ್ಟಿಗೆಯನ್ನು ಗೌರವಿಸುವವರು ಜನರನ್ನು ಹೊರಗಿಡುತ್ತಾರೆ, ಜನರನ್ನು ಒಳಗೆ ಕರೆಯುವವರು ಇಟ್ಟಿಗೆಗೆ ಬಣ್ಣ ಬಳಿಯುತ್ತಾರೆ. ಎರಡೂ ಕೂಡಿದ ಕಟ್ಟಡವನ್ನು ನಾನಿನ್ನೂ ಕಂಡಿಲ್ಲ.

ಕೊನೆಗೆ ಭಾವನೇ ಒಂದು ದಾರಿ ಹೇಳಿದರು. ಅರ್ಧ ಶೆಡ್ಡಿನಲ್ಲಿ ನಾಲ್ಕು ಮಗ್ಗ ಮತ್ತೆ ಹಾಕೋಣ, ಅರ್ಧದಲ್ಲಿ ನಿನ್ನ ಹಂಡೆ ಇಡು. ಮಗ ಕೂಡಲೇ ತಲೆಯಾಡಿಸಿದ. ಹತ್ತಿಯ ಧೂಳು ಹಾರಿ ಬಂದರೆ ಬಿಯರ್ ಕೆಡುತ್ತದೆ, ಬಾಯ್ಲರಿನ ಪಕ್ಕ ನೂಲು ಇಟ್ಟರೆ ಬೆಂಕಿಗೆ ಕೊಳ್ಳಿ ಕೊಟ್ಟಂತೆ. ಅವನು ಹೇಳಿದ್ದು ಸರಿ. ಕಮಲಾ ಮಿಲ್ಸಿನ ಆ ರಾತ್ರಿ ನನಗೂ ನೆನಪಿಗೆ ಬಂತು. ಅಕ್ಕ ಮಾತ್ರ ಜಗ್ಗಲಿಲ್ಲ. "ಗ್ವಾಡಿ ಕಟ್ಟಸು, ಯಾರ ಬ್ಯಾಡ ಅಂತಾರ. ಜ್ವಾಳಾ ಹಸನ ಮಾಡೂ ಮಂದಿಗೆ, ಮಗ್ಗಾ ನಡಸೂ ಮಂದಿಗೆ, ನಿನ್ನ ಗಿರಾಕಿಗೆ ಬಾಗಲಾ ಒಂದ ಇಡು."

ಮಗ ಪೆನ್ನು ಕೆಳಗಿಟ್ಟ. "ಅಬಕಾರಿಯವರು ಒಪ್ಪೂದಿಲ್ಲವ್ವಾ. ಬಾರಿಗೆ ಬಾಗಲಾ ಬ್ಯಾರೇನ ಬೇಕು ಅಂತಾರ." ನಾಳೆ ಬಾಗಲಕೋಟೆಗೆ ಹೋಗಿ ಕೇಳಿಕೊಂಡು ಬರುತ್ತೇನೆ ಎಂದ ಮೇಲೆ, ಅದೇ ನಕ್ಷೆಯ ಹಿಂದಿನ ಮಗ್ಗುಲಲ್ಲಿ ನಾಲ್ಕು ಸೆಕೆಂಡ್‌ಹ್ಯಾಂಡ್ ಮಗ್ಗಕ್ಕೆ ಈಗ ಇಚಲಕರಂಜಿಯಲ್ಲಿ ಏನು ರೇಟು ನಡೆದಿದೆ ಎಂದು ಅಪ್ಪನನ್ನು ಕೇಳಿ ಬರೆದುಕೊಂಡ.